ಬೆಂಗಳೂರಿನ ಎತ್ತರದಲ್ಲಿ ಒಂದು ಹಲ್ಲಿ

ಬೆಂಗಳೂರಿನಿಂದಲೇ ಜಗತ್ತಿಗೆ ಪರಿಚಯವಾದ ಒಂದು ಹಲ್ಲಿಯಿದೆ. ಮೂತಿಯ ತುದಿಯಿಂದ ಬಾಲದ ಬುಡದವರೆಗೆ ಅಳೆದರೆ ಹೆಚ್ಚುಕಡಿಮೆ ನಾಲ್ಕು ಸೆಂಟಿಮೀಟರ್. ತೆಳ್ಳನೆಯ ಉದ್ದ ಮೈ, ಗಿಡ್ಡ ಕಾಲು, ತೊಗಟೆಗೆ ಹೊಂದುವ ಕಂದು ಬೂದು ಬಣ್ಣ. ಎಷ್ಟೋ ವರ್ಷಗಳಿಂದ ಅದು ಈ ಊರಿನ ಸಂಶೋಧನಾ ಸಂಸ್ಥೆಗಳ ಆವರಣದ ಮರಗಳ ಮೇಲೆ, ಗೋಡೆಗಳ ಮೇಲೆ ರಾತ್ರಿ ಹೊತ್ತು ಓಡಾಡಿಕೊಂಡೇ ಇತ್ತು. ನೋಡಿದವರು ಮನೆಹಲ್ಲಿಯ ಮರಿ ಇರಬೇಕು ಎಂದುಕೊಂಡು ಮುಂದೆ ಹೋಗಿರುತ್ತಾರೆ. 2019ರಲ್ಲಿ ಈಶಾನ್ ಅಗರ್ವಾಲ್, ಅಕ್ಷಯ್ ಖಾಂಡೇಕರ್, ವರದ್ ಗಿರಿ, ಉಮಾ ರಾಮಕೃಷ್ಣನ್ ಮತ್ತು ಪ್ರವೀಣ್ ಕಾರಂತ್ ಎಂಬ ಐವರು ವಿಜ್ಞಾನಿಗಳು ಅದು ಬೇರೆಯದೇ ಪ್ರಭೇದ ಎಂದು ತೋರಿಸಿಕೊಟ್ಟರು. ವಿದ್ಯೆಯ ಅಂಗಳದಲ್ಲಿ ಸಿಕ್ಕ ಜೀವಿಯಾದ್ದರಿಂದ ಹೆಮಿಫಿಲ್ಲೊಡ್ಯಾಕ್ಟೈಲಸ್ ಜ್ಞಾನ ಎಂದು ಹೆಸರಿಟ್ಟರು.

ಈ ಹೆಸರಿನ ಮೊದಲರ್ಧ ಬಾಯಿಗೆ ಸುಲಭವಾಗಿ ಬರುವುದಲ್ಲ. ಅದು ಕುಲದ ಹೆಸರು. ಈ ಭಾಷಣದಲ್ಲಿ ನಾನು ಅದನ್ನು ತೆಳುಮೈ ಹಲ್ಲಿಗಳು ಎಂದು ಕರೆಯುತ್ತೇನೆ. 1860ರಲ್ಲಿ ಡಚ್ ವೈದ್ಯ ಪೀಟರ್ ಬ್ಲೀಕರ್ ಈ ಕುಲವನ್ನು ಮೊದಲು ಗುರುತಿಸಿದ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಿಂದ ಹಿಡಿದು ಥಾಯ್ಲೆಂಡ್, ಮಲೇಷ್ಯಾ, ದಕ್ಷಿಣ ಚೀನಾ ದಾಟಿ ಪೆಸಿಫಿಕ್ ದ್ವೀಪಗಳವರೆಗೆ ಇದರ ನೆಂಟರು ಹರಡಿದ್ದಾರೆ. ಇಂದು ಐವತ್ತಕ್ಕೂ ಹೆಚ್ಚು ಪ್ರಭೇದಗಳು ಲೆಕ್ಕಕ್ಕೆ ಸಿಕ್ಕಿವೆ. ಆ ಪೈಕಿ ದ್ವೀಪಗಳಲ್ಲಿ ಹರಡಿರುವ ಒಂದು ಪ್ರಭೇದದಲ್ಲಿ ಗಂಡೇ ಇಲ್ಲ. ಹೆಣ್ಣುಗಳೇ ಮೊಟ್ಟೆಯಿಟ್ಟು, ಆ ಮೊಟ್ಟೆಯಿಂದ ಹೆಣ್ಣುಮರಿಗಳೇ ಹುಟ್ಟುತ್ತವೆ. ಒಂದೇ ಒಂದು ಹಲ್ಲಿ ದೋಣಿಯಲ್ಲೋ ಮರದ ದಿಮ್ಮಿಯಲ್ಲೋ ಹೊಸ ದ್ವೀಪ ಮುಟ್ಟಿದರೂ ಸಾಕು, ಅಲ್ಲಿ ವಂಶ ಬೆಳೆಯುತ್ತದೆ. ನಮ್ಮ ಬೆಂಗಳೂರಿನದರಲ್ಲಿ ಗಂಡೂ ಇದೆ, ಹೆಣ್ಣೂ ಇದೆ.

ನಮ್ಮ ಭಾಗದಲ್ಲಿ ಈ ಕುಲದ ಕಥೆ ಶುರುವಾಗುವುದು 1870ರಲ್ಲಿ. ಮದ್ರಾಸ್ ಪ್ರಾಂತ್ಯದಲ್ಲಿ ಸೈನ್ಯಾಧಿಕಾರಿಯಾಗಿ, ಅರಣ್ಯಾಧಿಕಾರಿಯಾಗಿ ದುಡಿದ ರಿಚರ್ಡ್ ಹೆನ್ರಿ ಬೆಡ್ಡೋಮ್ ಸೇಲಂ ಬಳಿಯ ಶೆವರಾಯ್ ಬೆಟ್ಟದಿಂದ, ಅಂದರೆ ಯರ್ಕಾಡ್ ಇರುವ ಬೆಟ್ಟಸಾಲಿನಿಂದ, ಒಂದು ತೆಳುಮೈ ಹಲ್ಲಿಯನ್ನು ವರ್ಣಿಸಿದ. ಕಿತ್ತಳೆ ಬಣ್ಣ ಸೂಚಿಸುವ ಲ್ಯಾಟಿನ್ ಹೆಸರನ್ನು ಅದಕ್ಕೆ ಕೊಟ್ಟ. ಅಲ್ಲಿಂದ ಮುಂದೆ ಸುಮಾರು ಒಂದೂವರೆ ಶತಮಾನ ದಕ್ಷಿಣ ಭಾರತದಲ್ಲಿ ಎಲ್ಲೇ ಇಂಥ ಹಲ್ಲಿ ಕಂಡರೂ ಅದಕ್ಕೆ ಬೆಡ್ಡೋಮ್ ಕೊಟ್ಟ ಹೆಸರನ್ನೇ ಅಂಟಿಸುತ್ತಿದ್ದರು. ಬೆಂಗಳೂರಿನದೂ ಅದೇ, ನೀಲಗಿರಿಯದೂ ಅದೇ, ಪೂರ್ವಘಟ್ಟದ್ದೂ ಅದೇ. ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಮಾದರಿ ಸಂಗ್ರಹಿಸಿ, ಡಿಎನ್‌ಎ ಹೋಲಿಸಿ ನೋಡಿದಾಗ ಲೆಕ್ಕವೇ ಬದಲಾಯಿತು. ಒಂದೇ ಎಂದುಕೊಂಡಿದ್ದ ಕಡೆ ಹನ್ನೆರಡರಷ್ಟು ಪ್ರಭೇದಗಳಿದ್ದವು. ಆ ಲೇಖನದಲ್ಲಿ ಮೂರಕ್ಕೆ ಹೆಸರಿಟ್ಟರು: ಒಂದು ವಿಶಾಖಪಟ್ಟಣದ ಕಡೆಯ ಅರಕು ಬೆಟ್ಟದ್ದು, ಒಂದು ತಮಿಳುನಾಡಿನ ಕೊಲ್ಲಿಮಲೆಯದು, ಇನ್ನೊಂದು ನಮ್ಮ ಬೆಂಗಳೂರಿನದು.

ಅರಕು ಬೆಟ್ಟ, ಕೊಲ್ಲಿಮಲೆ, ಅವುಗಳ ಸಾಲಿನಲ್ಲಿ ಬೆಂಗಳೂರು. ಇದು ಹೇಗೆ ಎಂದು ಕೇಳುಗರಿಗೆ ಅನ್ನಿಸಬಹುದು. ನಾವು ಬೆಂಗಳೂರನ್ನು ಬೆಟ್ಟ ಎಂದು ಯೋಚಿಸುವುದಿಲ್ಲ. ಆದರೆ ಹಲ್ಲಿಯ ಲೆಕ್ಕದಲ್ಲಿ ಇದು ಬೆಟ್ಟವೇ. ನಮ್ಮ ನಗರ ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ಮೂರು ಸಾವಿರ ಅಡಿ ಎತ್ತರದಲ್ಲಿ. ಪರ್ಯಾಯ ದ್ವೀಪದ ತೆಳುಮೈ ಹಲ್ಲಿಗಳು ತಂಪಾದ, ಸ್ವಲ್ಪ ತೇವವಿರುವ ಎತ್ತರದ ನೆಲವನ್ನು ಬಿಟ್ಟು ಕೆಳಗಿನ ಬಯಲಿಗೆ ಇಳಿಯುವುದಿಲ್ಲ. ಕೆಳಗಿನ ಒಣ ಬಿಸಿ ಬಯಲು ಅವಕ್ಕೆ ದಾಟಲಾಗದ ಕಡಲು. ವಿಜ್ಞಾನಿಗಳು ಇಂಥ ಎತ್ತರದ ನೆಲೆಗಳನ್ನು ಆಗಸದ ದ್ವೀಪಗಳು ಎನ್ನುತ್ತಾರೆ. ಹಲವು ದಶಲಕ್ಷ ವರ್ಷಗಳ ಕಾಲ ಒಂದು ಬೆಟ್ಟದ ಹಲ್ಲಿ ಇನ್ನೊಂದು ಬೆಟ್ಟದ ಹಲ್ಲಿಯನ್ನು ಕೂಡದೆ ಹೋದದ್ದರಿಂದ ಪ್ರತಿ ಬೆಟ್ಟದಲ್ಲೂ ಬೇರೆ ಬೇರೆ ಪ್ರಭೇದ ರೂಪುಗೊಂಡಿತು. ಬೆಂಗಳೂರಿನ ಹವೆ ಚೆನ್ನ ಎಂದು ನಾವು ಹೇಳಿಕೊಳ್ಳುತ್ತೇವಲ್ಲ, ಅದೇ ಹವೆಯನ್ನು ನಂಬಿ ನಮಗಿಂತ ಎಷ್ಟೋ ಮೊದಲಿನಿಂದ ಇಲ್ಲಿ ಬಾಳಿಕೊಂಡು ಬಂದ ಜೀವಿ ಇದು. ನಗರದ ಬಿಸಿ ಏರಿದರೆ ನಾವು ಫ್ಯಾನ್ ಜೋರು ಮಾಡಿಕೊಳ್ಳುತ್ತೇವೆ. ಇನ್ನೂ ತಂಪಿನ ಕಡೆಗೆ ಹೋಗೋಣ ಎಂದರೆ ಈ ಹಲ್ಲಿಗೆ ಮೇಲೆ ಬೆಟ್ಟ ಉಳಿದಿಲ್ಲ.

ಈಗ ಸ್ವಲ್ಪ ಹತ್ತಿರದಿಂದ ನೋಡೋಣ. ನಿಮ್ಮ ಮನೆಯ ಕಿಟಕಿಯ ಗಾಜಿನ ಹೊರಬದಿಯಲ್ಲಿ ರಾತ್ರಿ ಹಲ್ಲಿ ಬಂದು ಕೂತಿದ್ದರೆ, ದೀಪ ಆರಿಸದೆ ಒಳಗಿನಿಂದಲೇ ಗಾಜಿನ ಹತ್ತಿರ ಹೋಗಿ ನೋಡಿ. ಅದರ ಹೊಟ್ಟೆ ನಿಮ್ಮ ಕಡೆಗಿರುತ್ತದೆ. ಬಸುರಿ ಹಲ್ಲಿಯಾದರೆ ತೆಳು ಚರ್ಮದ ಹಿಂದೆ ಎರಡು ಬಿಳಿ ಮೊಟ್ಟೆಗಳು ಕಾಣುತ್ತವೆ, ಎಡಕ್ಕೊಂದು ಬಲಕ್ಕೊಂದು. ಮನೆಹಲ್ಲಿ ಒಮ್ಮೆಗೆ ಇಡುವುದು ಆ ಎರಡನ್ನೇ. ಆಮೇಲೆ ಬೆರಳು ನೋಡಿ. ಪ್ರತಿ ಬೆರಳಿನ ಅಡಿಯಲ್ಲಿ ಅಡ್ಡಡ್ಡಲಾಗಿ ಜೋಡಿಸಿದ ಪಟ್ಟಿಗಳು, ನಡುವೆ ಸೀಳಿ ಎರಡು ಸಾಲಾಗಿರುತ್ತವೆ. ತುದಿಯ ಉಗುರು ಗಾಜಿಗೆ ತಾಗದೆ ಮೇಲಕ್ಕೆ ನಿಂತಿರುತ್ತದೆ. ಹಲ್ಲಿ ಹೆಜ್ಜೆ ಎತ್ತುವಾಗ ಬೆರಳು ತುದಿಯಿಂದ ಹಿಂದಕ್ಕೆ ಸುರುಳಿಯಾಗಿ ಬಿಡಿಸಿಕೊಳ್ಳುತ್ತದೆ. ಲಕೋಟೆಗೆ ಅಂಟಿಸಿದ ಟೇಪನ್ನು ಅಂಚಿನಿಂದ ಎಬ್ಬಿಸುವ ಹಾಗೆಯೇ. ನಿಧಾನವಾಗಿ ನಡೆಯುವ ಹಲ್ಲಿಯಲ್ಲಿ ಇದನ್ನು ಬರಿಗಣ್ಣಿನಲ್ಲೇ ನೋಡಬಹುದು.

ಆ ಪಟ್ಟಿಗಳಲ್ಲಿ ಅಂಟಿಲ್ಲ, ಹೀರುವ ಬಟ್ಟಲೂ ಇಲ್ಲ. ಇರುವುದು ಲಕ್ಷಾಂತರ ಸೂಕ್ಷ್ಮ ಕೂದಲು. ಆಗ್ನೇಯ ಏಷ್ಯಾದ ದೊಡ್ಡ ಟೋಕೆ ಹಲ್ಲಿಯ ಒಂದು ಪಾದದಲ್ಲಿ ಸುಮಾರು ಐದು ಲಕ್ಷ ಇವೆ. ಒಂದೊಂದು ಕೂದಲೂ ತುದಿಯಲ್ಲಿ ನೂರಾರು ಎಳೆಗಳಾಗಿ ಸೀಳಿ, ಎಳೆಯ ತುದಿ ಪುಟ್ಟ ಚಮಚದಂತೆ ಚಪ್ಪಟೆಯಾಗಿದೆ. ಅಮೆರಿಕದ ಕೆಲ್ಲರ್ ಆಟಂ ಮತ್ತು ಸಂಗಡಿಗರು 2000ದಲ್ಲಿ ಒಂದೇ ಒಂದು ಕೂದಲಿನ ಹಿಡಿತವನ್ನು ಅಳೆದರು. 2002ರಲ್ಲಿ ಆ ಹಿಡಿತಕ್ಕೆ ಕಾರಣ ಅಣುಗಳ ನಡುವಿನ ದುರ್ಬಲ ಸೆಳೆತ, ವಾನ್ ಡರ್ ವಾಲ್ಸ್ ಬಲ ಎಂಬುದಕ್ಕೆ ಪುರಾವೆ ಕೊಟ್ಟರು. ಒಂದು ಎಳೆಯ ಸೆಳೆತ ಲೆಕ್ಕಕ್ಕೇ ಬಾರದಷ್ಟು ಸಣ್ಣದು, ಎಲ್ಲ ಎಳೆಗಳೂ ಸೇರಿದರೆ ಗಾಜಿನ ಮೇಲೆ ತಲೆಕೆಳಗಾಗಿ ಓಡಬಹುದು. ತೆಳುಮೈ ಹಲ್ಲಿಯ ಪಾದ ಇನ್ನೂ ವಿಚಿತ್ರ. ಅದರ ಬೆರಳಿನ ತುದಿ ಮಾತ್ರ ಬೀಸಣಿಗೆಯಂತೆ ಅಗಲವಾಗಿದೆ. ಮೊದಲ ಬೆರಳು, ನಮ್ಮ ಹೆಬ್ಬೆರಳಿನ ಜಾಗದ್ದು, ಇದ್ದೂ ಇಲ್ಲದಂತೆ ಕುಗ್ಗಿಹೋಗಿದೆ. ಸಣ್ಣ ಹಲ್ಲಿ ಕಂಡಾಗ ಅದು ಮನೆಹಲ್ಲಿಯ ಮರಿಯೋ ತೆಳುಮೈಯದೋ ಎಂದು ತಿಳಿಯಲು ಪಾದ ನೋಡುವುದೇ ಸರಿಯಾದ ದಾರಿ.

ನಮ್ಮ ಮನೆಗಳಲ್ಲಿ ಹಲ್ಲಿ ಎಂದರೆ ಹಲ್ಲಿ, ಅಷ್ಟೇ. ಮಾತಿನ ನಡುವೆ ಅದು ಲೊಚಗುಟ್ಟಿದರೆ ಅಜ್ಜಿಯರು ‘ಕೃಷ್ಣ ಕೃಷ್ಣ’ ಎಂದು ಬೆರಳಿನಿಂದ ನೆಲ ತಟ್ಟುತ್ತಾರೆ, ಆಡಿದ ಮಾತು ಸತ್ಯವೆನ್ನುತ್ತಾರೆ. ಪಂಚಾಂಗದಲ್ಲಿ ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಪಟ್ಟಿಯೇ ಇರುತ್ತದೆ. ಹಲ್ಲಿ ಬಿದ್ದ ದೋಷ ಕಳೆಯಲೆಂದು ಕಂಚಿಯ ವರದರಾಜಸ್ವಾಮಿ ಗುಡಿಗೆ ಹೋಗಿ ಚಿನ್ನದ ಹಲ್ಲಿ, ಬೆಳ್ಳಿಯ ಹಲ್ಲಿ ಮುಟ್ಟಿ ಬರುವವರು ನಮ್ಮ ಊರುಗಳಲ್ಲಿ ಎಷ್ಟೋ ಜನ. ಹಲ್ಲಿಯೊಡನೆ ಇಷ್ಟು ಹಳೆಯ ಒಡನಾಟ ಇರುವ ಜನ ನಾವು. ಅದರ ಜೊತೆಗೆ ಒಂದು ತಪ್ಪು ಭಯವೂ ಬೆಳೆದಿದೆ. ಹಲ್ಲಿಗೆ ವಿಷವಿಲ್ಲ. ಕಚ್ಚಿದರೂ ವಿಷವಿಲ್ಲ, ಅದರ ಮೈಯಲ್ಲೂ ವಿಷವಿಲ್ಲ. ಹಲ್ಲಿ ಬಿದ್ದ ಸಾಂಬಾರನ್ನು ಚೆಲ್ಲಬೇಕು, ಅದು ನಿಜ. ಹಲ್ಲಿಯ ಹಿಕ್ಕೆಯಲ್ಲಿ, ಕರುಳಿನಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು ಎಂಬುದು ಅದಕ್ಕೆ ಕಾರಣ. ಅಡುಗೆ ಪಾತ್ರೆಗೆ ಮುಚ್ಚಳ ಹಾಕಿದರೆ ಆ ತೊಂದರೆ ಮುಗಿಯಿತು.

ಲೊಚಗುಟ್ಟುವ ಮನೆಹಲ್ಲಿಯ ಕುಲವೇ ಬೇರೆ. ಹೆಮಿಡ್ಯಾಕ್ಟೈಲಸ್ ಎಂಬ ಆ ದೊಡ್ಡ ಕುಲದಲ್ಲಿ ನೂರೆಂಬತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಮರದ ಕಾಂಡದಲ್ಲಿ ವಾಸಿಸುವ ತೊಗಟೆ ಹಲ್ಲಿಯೂ ಅದೇ ಕುಲದ್ದು. 2018ರಲ್ಲಿ ಹೆಸರು ಪಡೆದು, ಹಾವುಗಳ ಬಗ್ಗೆ ಜೀವಮಾನವಿಡೀ ದುಡಿದ ರಾಮ್ಯುಲಸ್ ವಿಟೇಕರ್ ಅವರ ಹೆಸರು ಹೊತ್ತಿರುವ ನೆಲದ ಹಲ್ಲಿಯೂ ಅದರದೇ. ಇವುಗಳಲ್ಲಿ ಸಾಮಾನ್ಯ ಮನೆಹಲ್ಲಿ ಮನುಷ್ಯನ ಬೆನ್ನು ಹತ್ತಿ ಜಗತ್ತು ಸುತ್ತಿದೆ. ಅದರ ಮೊಟ್ಟೆಗೆ ಗಟ್ಟಿ ಚಿಪ್ಪು. ಹಡಗಿನ ಸರಕಿನ ಸಂದಿಯಲ್ಲಿ ಇಟ್ಟ ಮೊಟ್ಟೆ ಸಮುದ್ರ ದಾಟಿ ಮರಿಯಾಗಬಲ್ಲದು. ಏಷ್ಯಾದಿಂದ ಪೆಸಿಫಿಕ್ ದ್ವೀಪಗಳಿಗೆ, ಆಸ್ಟ್ರೇಲಿಯಾಕ್ಕೆ, ಅಮೆರಿಕ ಖಂಡಗಳಿಗೆ ಅದು ಹೀಗೇ ಹೋಯಿತು.

ಹೋದಲ್ಲಿ ಏನಾಯಿತು ಎಂಬುದೇ ನಮಗೆ ಮುಖ್ಯ. ಪೆಸಿಫಿಕ್ ದ್ವೀಪಗಳ ಊರುಗಳಲ್ಲಿ ಮೊದಲೇ ಇದ್ದ ಒಂದು ಪುಟ್ಟ ಹಲ್ಲಿ, ಅದೂ ಹೆಣ್ಣುಗಳೇ ಇರುವ ಜಾತಿ, ಮನೆಹಲ್ಲಿ ಬಂದ ಮೇಲೆ ದೀಪದ ಗೋಡೆಗಳಿಂದ ಹಿಂದೆ ಸರಿಯತೊಡಗಿತು. 1990ರ ದಶಕದಲ್ಲಿ ಕೆನೆತ್ ಪೆಟ್ರೆನ್ ಮತ್ತು ಟೆಡ್ ಕೇಸ್ ಎಂಬ ವಿಜ್ಞಾನಿಗಳು ಇದರ ಕಾರಣ ಹುಡುಕಲು ಹವಾಯಿಯ ಹಳೆಯ ವಿಮಾನ ಹ್ಯಾಂಗರುಗಳಲ್ಲಿ ಪ್ರಯೋಗ ಮಾಡಿದರು. ದೀಪವಿದ್ದ ಕಡೆ ಹುಳುಗಳು ಒಂದೇ ಜಾಗಕ್ಕೆ ಮುತ್ತುತ್ತವೆ. ದೊಡ್ಡದೂ ಚುರುಕೂ ಆದ ಮನೆಹಲ್ಲಿ ಆ ಜಾಗ ಹಿಡಿದು ಹುಳುಗಳನ್ನು ಬಾಚಿ ತಿನ್ನುತ್ತದೆ, ಪುಟ್ಟ ಹಲ್ಲಿ ಹತ್ತಿರ ಸುಳಿಯುವುದಿಲ್ಲ, ಬಡವಾಗುತ್ತದೆ. 1998ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಫಲಿತಾಂಶ ನನಗೆ ಅದಕ್ಕಿಂತ ಮಹತ್ವದ್ದಾಗಿ ಕಾಣುತ್ತದೆ. ನುಣುಪಾದ ಗೋಡೆಗೆ ಅಡ್ಡ ತಡಿಕೆಗಳನ್ನು ಹಾಕಿ ಮೂಲೆ, ಮರೆ, ಸಂದುಗಳನ್ನು ಹೆಚ್ಚಿಸಿದಾಗ ಮನೆಹಲ್ಲಿಯ ಮೇಲುಗೈ ತಗ್ಗಿತು. ಬರೀ ದೀಪವಿದ್ದರೆ ಇಷ್ಟು ಕೆಡುಕಾಗುವುದಿಲ್ಲ. ದೀಪಕ್ಕೆ ಬೋಳು ಗೋಡೆ ಜೊತೆಯಾದಾಗ ಒಂದೇ ಹಲ್ಲಿ ಗೆಲ್ಲುತ್ತದೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಹೊರವಲಯವನ್ನು ಒಮ್ಮೆ ಸುತ್ತಿ ಬನ್ನಿ. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ ಹಾಕಿದಾಗ ಸುತ್ತ ರಾಗಿ ಹೊಲ, ಹೊಂಗೆ ಮರ, ಕೆರೆ ಏರಿ. ಇಂದು ಅಲ್ಲಿ ಇಡೀ ರಾತ್ರಿ ಉರಿಯುವ ಗಾಜಿನ ಗೋಡೆಗಳು. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ತೋಟದ ಮನೆಗಳ ಊರಾಗಿ ಹುಟ್ಟಿತು. ಕಾಡುಗೋಡಿ, ಹೂಡಿ, ಕುಂದಲಹಳ್ಳಿಗಳ ಇಂದಿನ ಅಪಾರ್ಟ್‌ಮೆಂಟ್ ಗೋಪುರಗಳ ನಡುವೆ ಆ ತೋಟಗಳ ಹಳೆಯ ಮಾವು, ಹುಣಸೆ ಅಲ್ಲೊಂದು ಇಲ್ಲೊಂದು ಉಳಿದಿವೆ. ಪೀಣ್ಯದಲ್ಲಿ ಲೇತ್ ಶೆಡ್ಡುಗಳು, ಫೌಂಡ್ರಿ, ಪೌಡರ್ ಕೋಟಿಂಗ್ ಘಟಕಗಳು. ತಗಡಿನ ಶೀಟು, ಗೇಟಿನ ಮೇಲೆ ಬಿಳಿ ಎಲ್‌ಇಡಿ ಫ್ಲಡ್‌ಲೈಟ್. ರಾತ್ರಿ ಪಾಳಿಯಲ್ಲಿ ಟೀ ಕುಡಿಯಲು ಹೊರಬಂದವರು ತಲೆ ಎತ್ತಿದರೆ ಆ ದೀಪದ ಸುತ್ತ ಏಳೆಂಟು ಮನೆಹಲ್ಲಿಗಳು ವೃತ್ತವಾಗಿ ಕೂತಿರುವುದು ಕಾಣುತ್ತದೆ. ಹವಾಯಿಯ ಹ್ಯಾಂಗರಿಗೂ ಪೀಣ್ಯದ ಶೆಡ್ಡಿಗೂ ಹಲ್ಲಿಯ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಹಲ್ಲಿಗಳು ತುಂಬಾ ಇವೆ, ಆದ್ದರಿಂದ ಪ್ರಕೃತಿ ಚೆನ್ನಾಗಿದೆ ಎಂದುಕೊಳ್ಳಬಾರದು. ಎಷ್ಟಿವೆ ಎಂದು ಎಣಿಸಿದರೆ ಸಾಲದು, ಯಾವ ಯಾವುವು ಇವೆ ಎಂದೂ ನೋಡಬೇಕು.

ಇನ್ನು ಬಂಡೆಯ ಮಾತು. ಬೆಂಗಳೂರು ಕೂತಿರುವುದು ಬಹಳ ಹಳೆಯ ಕಲ್ಲುಗಳ ಮೇಲೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂದು ಫಲಕವೇ ಹೇಳುತ್ತದೆ. ಅದೇ ಶಿಲೆ, ಅದರೊಡನೆ ಗ್ರಾನೈಟ್, ಆನೇಕಲ್ಲು ಬನ್ನೇರುಘಟ್ಟದ ಕಡೆಯೂ ಹೊಸಕೋಟೆ ಕೋಲಾರದ ಕಡೆಯೂ ಗುಂಡುಗಳಾಗಿ, ಹಾಸುಗಳಾಗಿ ಎದ್ದು ನಿಂತಿದೆ. ಈ ಕಲ್ಲುಗಳ ಸಂದಿನಲ್ಲಿ ಬದುಕುವ ಹಲ್ಲಿಗಳ ಕುಲ ಮತ್ತೊಂದು. ನೆಮಾಸ್ಪಿಸ್ ಎಂದು ಅದರ ಹೆಸರು. ಇವಕ್ಕೆ ಬೆರಳಿನಡಿ ಮನೆಹಲ್ಲಿಯಂಥ ಅಗಲ ಪಟ್ಟಿಗಳಿಲ್ಲ, ಹಿಡಿತಕ್ಕೆ ಉಗುರು. ಕಣ್ಣಿನ ಪಾಪೆ ಗುಂಡಗೆ, ಮನೆಹಲ್ಲಿಯದರಂತೆ ಸೀಳುಗೆರೆಯಲ್ಲ. ಮದ್ರಾಸ್ ಸೈನ್ಯದ ವೈದ್ಯ ಥಾಮಸ್ ಜೆರ್ಡನ್ 1853ರಲ್ಲೇ ಮೈಸೂರಿನ ಹೆಸರಿಟ್ಟು ಒಂದನ್ನು ವರ್ಣಿಸಿದ್ದ. ಅವನು ನೋಡಿದ ಮಾದರಿ ಉಳಿದಿರಲಿಲ್ಲ. 2009ರಲ್ಲಿ ವರದ್ ಗಿರಿ ಮತ್ತು ಸಂಗಡಿಗರು ಹೊಸ ಮಾದರಿ ನಿಗದಿ ಮಾಡಿ ಆ ಹೆಸರಿಗೆ ಮತ್ತೆ ನೆಲೆ ಒದಗಿಸಿದರು.

2020ರಲ್ಲಿ ಈಶಾನ್ ಅಗರ್ವಾಲ್ ಮತ್ತು ಸಂಗಡಿಗರು ಮೈಸೂರು ಪ್ರಸ್ಥಭೂಮಿಯ ಗ್ರಾನೈಟ್ ಗುಂಡುಗಳಲ್ಲಿ ವಾಸಿಸುವ ಮೂರು ಹೊಸ ಬಂಡೆ ಹಲ್ಲಿಗಳನ್ನು ಪ್ರಕಟಿಸಿದರು. ಆಂಧ್ರದ ಹಾರ್ಸ್ಲಿ ಬೆಟ್ಟದ್ದೊಂದು, ತಮಿಳುನಾಡಿನ ಏಲಗಿರಿಯದೊಂದು, ಕೋಲಾರದ್ದೊಂದು. ಕೋಲಾರದ ಹಲ್ಲಿಗೆ ಚಿನ್ನದ ನಾಡಿನದೆಂದು ನಮ್ಮ ಕನ್ನಡದ ‘ಬಂಗಾರ’ ಎಂಬ ಹೆಸರನ್ನೇ ಕೊಟ್ಟರು. ಅವರ ವಾದ ಹೀಗಿದೆ. ಲಕ್ಷಾಂತರ ವರ್ಷಗಳಲ್ಲಿ ಈ ಪ್ರಸ್ಥಭೂಮಿ ಒಣಗುತ್ತಾ ಬಂತು, ಕಾಡು ತೆಳುವಾಯಿತು. ಆದರೆ ದೊಡ್ಡ ಗುಂಡುಕಲ್ಲಿನ ಸಂದಿನೊಳಗೆ ಹೊರಗಿನ ಬಿಸಿ ತಾಗುವುದಿಲ್ಲ, ತೇವ ಉಳಿಯುತ್ತದೆ. ತಂಪು ಕಾಲದ ಹಲ್ಲಿಗಳು ಆ ಸಂದಿನೊಳಗೆ ಉಳಿದುಕೊಂಡವು. ಮಯೋಸೀನ್ ಎಂಬ ಯುಗ, ಅಂದರೆ 2 ಕೋಟಿ 30 ಲಕ್ಷ ವರ್ಷಗಳ ಹಿಂದಿನಿಂದ 53 ಲಕ್ಷ ವರ್ಷಗಳ ಹಿಂದಿನವರೆಗಿನ ಕಾಲ. ಆಗ ಕವಲೊಡೆದ ವಂಶ ಇಂದಿಗೂ ಕೋಲಾರದ ಕಲ್ಲಿನಲ್ಲಿದೆ. ಕಂಪ್ರೆಸರ್ ತಂದು, ತೂತು ಕೊರೆದು, ಸಿಡಿಮದ್ದಿಟ್ಟು ನಾವು ಒಂದು ಮಧ್ಯಾಹ್ನದಲ್ಲಿ ಜಲ್ಲಿ ಮಾಡುವುದು ಇಂಥ ಕಲ್ಲನ್ನೇ. ಕ್ರಷರಿಗೆ ಹೋದರೆ ಎಂ-ಸ್ಯಾಂಡ್, ಅಲ್ಲಿಂದ ವೈಟ್‌ಫೀಲ್ಡಿನ ಯಾವುದೋ ಗೋಪುರದ ಕಾಂಕ್ರೀಟು. ಕಟ್ಟಡ ಕಟ್ಟಲೇಬೇಡಿ ಎಂದು ಹೇಳುವುದು ಸಾಧ್ಯವಿಲ್ಲ, ಎಲ್ಲರಿಗೂ ಸೂರು ಬೇಕು. ಆದರೆ ಲೇಔಟಿನ ನಕ್ಷೆಯಲ್ಲಿ ಬಂಡೆಯನ್ನು ‘ಅಡಚಣೆ’ ಎಂದು ಗುರುತಿಸುವ ಪದ್ಧತಿ ನನಗೆ ತೀರಾ ನೋವು ತರುತ್ತದೆ. ಮರ ಕಡಿಯಲು ಅನುಮತಿ ಬೇಕು, ನಾಲ್ಕು ಜನ ಬಂದು ಪ್ರಶ್ನೆ ಕೇಳುತ್ತಾರೆ. ಬಂಡೆ ಒಡೆದರೆ ಅದರೊಳಗೆ ಯಾರಿದ್ದರು ಎಂದು ಕೇಳುವವರು ಸಿಗುವುದಿಲ್ಲ.

ಈ ಹೊರವಲಯದಲ್ಲಿ ದುಡಿಯುವ, ವಾಸಿಸುವ ಕೇಳುಗರಲ್ಲಿ ನನ್ನ ಕೋರಿಕೆಗಳು ಇಷ್ಟು. ಕಂಪನಿಗಳ ಆವರಣ ನೋಡಿಕೊಳ್ಳುವವರು ಹುಲ್ಲುಹಾಸಿನ ನಡುವೆ ಹಳೆಯ ಹೊಂಗೆಯನ್ನೋ ಹುಣಸೆಯನ್ನೋ ಅದರ ಒರಟು ತೊಗಟೆ, ಪೊಟರೆ ಸಮೇತ ಬಿಡಿ. ಸುಣ್ಣ ಬಳಿದು, ಸೀರಿಯಲ್ ಲೈಟ್ ಸುತ್ತಬೇಡಿ. ಜಾಗದಲ್ಲಿ ಸಹಜವಾದ ಬಂಡೆಯಿದ್ದರೆ ಅದರ ಸುತ್ತ ನಕ್ಷೆ ಹಾಕಿಸಿ. ಸಿಮೆಂಟ್ ಮೆತ್ತದೆ ಕಲ್ಲು ಪೇರಿಸಿ ಕಟ್ಟಿದ ಹಳೆಯ ಬೇಲಿಗೋಡೆ ಇದ್ದರೆ ಕೆಡವಬೇಡಿ, ಅದರ ಒಂದೊಂದು ಸಂದೂ ಮನೆ. ಹೊರಗಿನ ದೀಪಗಳು ನೆಲದ ಕಡೆಗೆ ಮುಖ ಮಾಡಿರಲಿ. ತೀರಾ ಬಿಳಿ ಬೆಳಕಿನ ಬದಲು ಹಳದಿ ಛಾಯೆಯದನ್ನು ಹಾಕಿದರೆ ಹುಳು ಮುತ್ತುವುದು ಕಡಿಮೆಯಾಗುತ್ತದೆ. ಜನ ಓಡಾಡದ ಕಡೆ ಸೆನ್ಸರ್ ಹಾಕಿದರೆ ಕರೆಂಟ್ ಬಿಲ್ಲೂ ಇಳಿಯುತ್ತದೆ.

ಪೀಣ್ಯದ ಕಾರ್ಖಾನೆಯವರಿಗೆ ಇನ್ನೊಂದು ಮಾತು. ಹಲ್ಲಿ ಪ್ಯಾನೆಲ್ ಬೋರ್ಡಿನೊಳಗೆ ಹೊಕ್ಕು ಎರಡು ತಂತಿಗಳ ನಡುವೆ ಸುಟ್ಟುಹೋಗಿ ಮಿಷಿನ್ ನಿಲ್ಲುವುದುಂಟು. ಅದಕ್ಕೆ ಔಷಧಿ ಹೊಡೆಯುವುದರಿಂದ ಪ್ರಯೋಜನವಿಲ್ಲ. ಕೇಬಲ್ ಒಳಹೋಗುವ ತೂತಿಗೆ ಸರಿಯಾದ ಗ್ಲ್ಯಾಂಡ್ ಹಾಕಿ, ಬಾಗಿಲಿನ ರಬ್ಬರ್ ಬೀಡಿಂಗ್ ಸವೆದಿದ್ದರೆ ಬದಲಿಸಿ. ಇಲಿಗೆಂದು ಇಡುವ ಅಂಟಿನ ಹಲಗೆಯನ್ನು ದಯವಿಟ್ಟು ಬಿಟ್ಟುಬಿಡಿ. ಅದಕ್ಕೆ ಇಲಿಯ ಜೊತೆ ಹಲ್ಲಿ, ಹಾವುರಾಣಿ, ಕೆಲವೊಮ್ಮೆ ಹಕ್ಕಿಯೂ ಸಿಕ್ಕಿ ದಿನಗಟ್ಟಲೆ ನರಳಿ ಸಾಯುತ್ತವೆ. ಜೀವಂತ ಹಲ್ಲಿ ಅಂಟಿಕೊಂಡಿದ್ದು ಕಂಡರೆ ಎಳೆಯಬೇಡಿ, ಚರ್ಮ ಕಿತ್ತುಬರುತ್ತದೆ. ಅಡುಗೆ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ಮೆತ್ತಗಾದ ಮೇಲೆ ಕಡ್ಡಿಯಿಂದ ಒಂದೊಂದೇ ಕಾಲು ಬಿಡಿಸಿ.

ಮತ್ತೆ ಒಂದು ಕೆಲಸ ಎಲ್ಲರೂ ಮಾಡಬಹುದು. ಮಳೆಗಾಲದ ರಾತ್ರಿ, ನಿಮ್ಮ ಆವರಣದ ದೊಡ್ಡ ಮರದ ಕಾಂಡಕ್ಕೆ ದೀಪದ ಬೆಳಕು ಬೀಳದ ಬದಿಯಲ್ಲಿ ಟಾರ್ಚ್ ಹಾಕಿ ನೋಡಿ. ತೆಳ್ಳನೆ ಉದ್ದ ಮೈಯ, ಗಿಡ್ಡ ಕಾಲಿನ ಪುಟ್ಟ ಹಲ್ಲಿ ಕಂಡರೆ ಮುಟ್ಟಬೇಡಿ. ಪಾದ ಸ್ಪಷ್ಟವಾಗಿ ಕಾಣುವಂತೆ ಫೋನಿನಲ್ಲಿ ಒಂದು ಚಿತ್ರ ತೆಗೆದು, ಜಾಗ ಮತ್ತು ತಾರೀಖು ಬರೆದಿಟ್ಟುಕೊಂಡು, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ. ಬೆಂಗಳೂರಿನ ಹಲ್ಲಿ ವಿದ್ಯಾಸಂಸ್ಥೆಗಳ ಆವರಣದಲ್ಲಿ ಸಿಕ್ಕಿದ್ದಕ್ಕೆ ಅಲ್ಲಿ ಹಳೆಯ ಮರಗಳು ಉಳಿದಿದ್ದುದು ಒಂದು ಕಾರಣ, ರಾತ್ರಿ ಟಾರ್ಚ್ ಹಿಡಿದು ನೋಡುವವರು ಇದ್ದುದು ಇನ್ನೊಂದು. ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ, ಪೀಣ್ಯದಲ್ಲಿ ಆ ಎರಡನ್ನೂ ಒದಗಿಸುವುದು ನಮ್ಮ ಕೈಯಲ್ಲಿದೆ. ಈ ಮಳೆಗಾಲದಲ್ಲೇ ಶುರುಮಾಡಿ.